ಪ್ರಾಥಮಿಕ ಪರೀಕ್ಷೆಯ ಅಂಕಗಳೂ ಪ್ರೌಢಶಾಲೆಯ ಬಾಗಿಲೂ

'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಮೊಳಕೆಯನ್ನು ನೋಡಿ ಪೈರನ್ನು ಊಹಿಸಬಲ್ಲ ರೈತನ ಅನುಭವ ಇದರ ಹಿಂದಿದೆ. ಆದರೆ ಅದೇ ರೈತನು, ಸಸಿ ತುಸು ತೆಳ್ಳಗಿದೆಯೆಂದು ಅದನ್ನು ಕಿತ್ತು ಕಲ್ಲುನೆಲದಲ್ಲಿ ನೆಡುವುದಿಲ್ಲ. ಇನ್ನೊಂದು ಹಿಡಿ ಗೊಬ್ಬರ ಹಾಕಿ ಕಾದು ನೋಡುತ್ತಾನೆ. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡು ಮತ್ತು ವೇಲ್ಸ್ ದೇಶಗಳು ಗಾದೆಯ ಮೊದಲರ್ಧವನ್ನು ಮಾತ್ರ ನಂಬಿ, ಹತ್ತು ಹನ್ನೊಂದು ವರ್ಷದ ಮಕ್ಕಳನ್ನು ಒಂದು ಪರೀಕ್ಷೆಗೆ ಕೂರಿಸಿ, ಅಲ್ಲಿ ಬಂದ ಅಂಕಗಳಿಂದ ಅವರ ಮುಂದಿನ ಶಾಲೆಯನ್ನೂ ಬಹುಮಟ್ಟಿಗೆ ಮುಂದಿನ ಬಾಳನ್ನೂ ಗೊತ್ತುಮಾಡಿದುವು. 'ಇಲೆವನ್ ಪ್ಲಸ್' ಎಂದು ಹೆಸರಾದ ಆ ಪರೀಕ್ಷೆಯ ಕಥೆಯನ್ನು ಸಂಗ್ರಹವಾಗಿ ಹೇಳಿ, ಅದರಲ್ಲಿ ನಮ್ಮ ಗಡಿನಾಡಿನ ಉಪಾಧ್ಯಾಯರಿಗೆ ಉಪಯೋಗವಾಗುವ ಅಂಶಗಳನ್ನು ಎತ್ತಿ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರೀಕ್ಷೆಯಿಂದ ದಾರಿ ಕವಲೊಡೆಯುವ ಸಂಗತಿ ನಮಗೇನೂ ಹೊಸತಲ್ಲ. ಹಳೆಯ ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆಯಿತ್ತು. ಮದರಾಸು ಪ್ರಾಂತಕ್ಕೆ ಸೇರಿದ್ದ ಕಡೆಗಳಲ್ಲಿ ಇ.ಎಸ್.ಎಲ್.ಸಿ., ಮೈಸೂರು ಸೀಮೆಯಲ್ಲಿ ಎಲ್.ಎಸ್. ಪರೀಕ್ಷೆಗಳಿದ್ದುವು. ಮುಲ್ಕಿ ಪಾಸಾದವನು ಕನ್ನಡ ಶಾಲೆಯ ಮಾಸ್ತರನಾಗಬಹುದಾಗಿತ್ತು. ಮೆಟ್ರಿಕಿಗೆ ಹೋಗಬೇಕಾದವನು ಇಂಗ್ಲಿಷ್ ಶಾಲೆಯ ಬೇರೊಂದು ಏಣಿಯನ್ನು ಹತ್ತಬೇಕಾಗಿತ್ತು. ಒಂದು ಪರೀಕ್ಷೆಯು ಕಲಿತದ್ದನ್ನು ಅಳೆಯುವುದು ಒಂದು ಕೆಲಸ, ಮಗುವನ್ನು ಒಂದು ಬಾಗಿಲಿಗೆ ಕಳುಹಿಸುವುದು ಇನ್ನೊಂದು ಕೆಲಸ. ಈ ಎರಡು ಕೆಲಸಗಳನ್ನು ಒಂದೇ ಅಂಕಕ್ಕೆ ವಹಿಸಿದಾಗ ಆಗುವುದೇನು ಎಂಬುದಕ್ಕೆ ಇಲೆವನ್ ಪ್ಲಸ್‌ನಷ್ಟು ಸ್ಪಷ್ಟವಾದ ದೃಷ್ಟಾಂತ ದೊರೆಯುವುದು ವಿರಳ.

ವಿದ್ಯಾರ್ಥಿವೇತನದಿಂದ ಸರ್ವರ ಹಕ್ಕಿಗೆ

ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಪ್ರಾಥಮಿಕ ಶಾಲೆ ಬಡವರದು, ಪ್ರೌಢಶಾಲೆ ಫೀಸು ಕೊಡಬಲ್ಲವರದು ಎಂಬಂತಿತ್ತು. ಅವು ಒಂದೇ ಏಣಿಯ ಕೆಳಗಿನ ಮೇಲಿನ ಮೆಟ್ಟಿಲುಗಳಾಗಿರಲಿಲ್ಲ. 1902ರ ಶಿಕ್ಷಣ ಕಾಯಿದೆಯು ಸ್ಥಳೀಯ ಶಿಕ್ಷಣಾಧಿಕಾರ ಮಂಡಲಿಗಳನ್ನು ಏರ್ಪಡಿಸಿ, ಪ್ರೌಢಶಾಲೆಗಳನ್ನು ನಡೆಸುವ ಅಧಿಕಾರವನ್ನು ಅವುಗಳಿಗೆ ಕೊಟ್ಟಿತು. 1907ರಲ್ಲಿ ಸರಕಾರವು ಒಂದು ನಿಯಮ ಮಾಡಿತು: ಪೂರ್ಣ ಅನುದಾನ ಪಡೆಯುವ ಪ್ರೌಢಶಾಲೆಗಳು ತಮ್ಮ ಪ್ರವೇಶದ ಸುಮಾರು ನಾಲ್ಕರಲ್ಲೊಂದು ಪಾಲನ್ನು ಸಾರ್ವಜನಿಕ ಪ್ರಾಥಮಿಕ ಶಾಲೆಗಳಿಂದ ಬಂದ ಮಕ್ಕಳಿಗೆ ಫೀಸಿಲ್ಲದೆ ಬಿಟ್ಟುಕೊಡಬೇಕು. ಈ ಸೀಟುಗಳಿಗೆ ಮಕ್ಕಳನ್ನು ಆರಿಸಲು ನಡೆದ ಪರೀಕ್ಷೆಯನ್ನು ಜನ 'ಸ್ಕಾಲರ್‌ಶಿಪ್' ಎಂದರು. ಇಲೆವನ್ ಪ್ಲಸ್‌ನ ಬೇರು ಇಲ್ಲಿದೆ.

1926ರ ಹ್ಯಾಡೋ ವರದಿಯು ಹನ್ನೊಂದರ ವಯಸ್ಸಿಗೆ ಪ್ರಾಥಮಿಕ ಹಂತ ಮುಗಿದು, ಎಲ್ಲ ಮಕ್ಕಳೂ ಇನ್ನೊಂದು ಬಗೆಯ ಶಾಲೆಗೆ ಹೋಗಬೇಕೆಂದು ಸೂಚಿಸಿತು. 1943ರ ನಾರ್ವುಡ್ ವರದಿಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳ ಮನಸ್ಸಿನಲ್ಲಿಯೇ ಮೂರು ಬಗೆಗಳಿವೆಯೆಂದು ಹೇಳಿತು: ವಿಚಾರಕ್ಕಾಗಿ ಓದುವವರು, ಯಂತ್ರ ತಂತ್ರಗಳಲ್ಲಿ ಒಲವುಳ್ಳವರು, ಕಣ್ಣಿಗೆ ಕಾಣುವ ಕೈಗೆ ಸಿಕ್ಕುವ ವಸ್ತುಗಳಿಂದಲೇ ಕಲಿಯುವವರು. ಮೂರು ಬಗೆಯ ಮನಸ್ಸಿಗೆ ಮೂರು ಬಗೆಯ ಶಾಲೆ: ಗ್ರಾಮರ್, ಟೆಕ್ನಿಕಲ್, ಸೆಕೆಂಡರಿ ಮಾಡರ್ನ್. ಮರುವರ್ಷ, 1944ರಲ್ಲಿ, ಬಟ್ಲರ್ ಅವರ ಶಿಕ್ಷಣ ಕಾಯಿದೆ ಬಂತು. ಸರಕಾರಿ ಆಧಾರದ ಪ್ರೌಢಶಾಲೆಗಳಲ್ಲಿ ಫೀಸು ನಿಂತುಹೋಯಿತು. ಪ್ರತಿಯೊಂದು ಮಗುವಿಗೂ ಅದರ ವಯಸ್ಸು, ಸಾಮರ್ಥ್ಯ, ಒಲವುಗಳಿಗೆ ತಕ್ಕ ಪ್ರೌಢ ಶಿಕ್ಷಣ ದೊರೆಯಬೇಕೆಂದಾಯಿತು. ಇದು ನಿಜವಾಗಿಯೂ ದೊಡ್ಡ ಹೆಜ್ಜೆ. ಮೂರು ಬಗೆಯ ಶಾಲೆಗಳೇ ಇರಬೇಕೆಂದು ಕಾಯಿದೆಯು ಎಲ್ಲಿಯೂ ವಿಧಿಸಿರಲಿಲ್ಲ. ಆದರೆ ಹೆಚ್ಚಿನ ಮಂಡಲಿಗಳು ಅದೇ ದಾರಿಯನ್ನು ಹಿಡಿದುವು. ಟೆಕ್ನಿಕಲ್ ಶಾಲೆಗಳು ಬಹಳ ಕಡಿಮೆ ಕಡೆ ತಲೆಯೆತ್ತಿದುದರಿಂದ, ಮೂರು ಬಾಗಿಲು ಎಂದು ಹೇಳಿದ್ದು ಕಾರ್ಯದಲ್ಲಿ ಎರಡೇ ಆಯಿತು.

ಒಂದು ಗಡಿಸೀಮೆಯ ಪ್ರಯೋಗ

ಈ ನಡುವೆ ನಡೆದ ಒಂದು ಘಟನೆ ಗಡಿನಾಡಿನವರಾದ ನಮಗೆ ವಿಶೇಷವಾಗಿ ಸ್ಮರಣೀಯ. ಸ್ಕಾಟ್ಲೆಂಡಿನ ಎಲ್ಲೆಗೆ ತಾಗಿಕೊಂಡಿರುವ ನಾರ್ತಂಬರ್ಲ್ಯಾಂಡ್ ಎಂಬ ಇಂಗ್ಲಿಷ್ ಕೌಂಟಿಯಲ್ಲಿ, ಸ್ಕಾಲರ್‌ಶಿಪ್ ಪರೀಕ್ಷೆಗೆ ಒಂದು ಮಗುವನ್ನೂ ಕಳುಹಿಸದ ಹಳ್ಳಿಶಾಲೆಗಳು ಅನೇಕವಿದ್ದುವು. ಅಲ್ಲಿ ಜಾಣ ಮಕ್ಕಳೇ ಇಲ್ಲವೆ, ಅಥವಾ ಇದ್ದವರನ್ನು ಗುರುತಿಸುವ ಮಾರ್ಗವಿಲ್ಲವೆ ಎಂಬ ಪ್ರಶ್ನೆ ಎದ್ದಿತು. ನ್ಯೂಕಾಸಲ್ಲಿನ ಆರ್ಮ್‌ಸ್ಟ್ರಾಂಗ್ ಕಾಲೇಜಿನಲ್ಲಿದ್ದ ಗಾಡ್‌ಫ್ರೆ ಥಾಮ್ಸನ್ನರು, ಪಾಠ ಒಪ್ಪಿಸುವುದಕ್ಕಿಂತ ಯುಕ್ತಿಯನ್ನು ಪರೀಕ್ಷಿಸುವ ಹೊಸ ರೀತಿಯ ಪ್ರಶ್ನೆಪತ್ರಿಕೆಯೊಂದನ್ನು 1921ರಲ್ಲಿ ಸಿದ್ಧಪಡಿಸಿದರು. ದೂರದ ಹಳ್ಳಿಯ ಶಾಲೆಯಲ್ಲಿ ಒಬ್ಬನೇ ಉಪಾಧ್ಯಾಯನ ಕೈಕೆಳಗೆ ಕಲಿತ ಮಗುವಿಗೂ ಪಟ್ಟಣದ ಮಗುವಿನೊಡನೆ ಸರಿಸಮನಾಗಿ ನಿಲ್ಲುವ ಅವಕಾಶ ಸಿಗಬೇಕೆಂಬುದು ಅವರ ಆಶಯ. ಅವರೂ ವಿದ್ಯಾರ್ಥಿವೇತನದ ಬಲದಿಂದ ಓದಿ ಮೇಲೆ ಬಂದವರೇ. 1925ರಲ್ಲಿ ಅವರು ಎಡಿನ್‌ಬರೋ ನಗರಕ್ಕೆ ಹೋದ ಬಳಿಕ ಈ ಕ್ರಮವೇ ಬೆಳೆದು 'ಮೋರೆ ಹೌಸ್' ಪರೀಕ್ಷೆಗಳೆಂದು ಹೆಸರು ಪಡೆದು, ದೇಶದ ಬಹುಭಾಗದ ಮಂಡಲಿಗಳು ಅವನ್ನು ಕೊಂಡು ಬಳಸುವಂತಾಯಿತು. ಆ ಪತ್ರಿಕೆಗಳಿಂದ ಬಂದ ಹಣವನ್ನು ಥಾಮ್ಸನ್ನರು ಸ್ವಂತಕ್ಕೆ ಇಟ್ಟುಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರು.

ಮರೆತುಹೋದ ಮಕ್ಕಳನ್ನು ಹುಡುಕುವುದಕ್ಕೆಂದು ಮಾಡಿದ ಉಪಕರಣವೇ ಮುಂದೆ ಮಕ್ಕಳನ್ನು ಸೋಸುವ ಜರಡಿಯಾಯಿತು. ಉಪಕರಣ ಕೆಟ್ಟದ್ದೆಂದು ಹೀಗಾಗಲಿಲ್ಲ. ಪರೀಕ್ಷೆ ಎಲ್ಲ ಮಕ್ಕಳಿಗೂ ಹಬ್ಬಿತು, ಸೀಟುಗಳು ಮಾತ್ರ ಇದ್ದಷ್ಟೇ ಉಳಿದುವು.

ಅಂಕವು ಶಾಲೆಯಾಗುವ ಬಗೆ

ಸಾಮಾನ್ಯವಾಗಿ ಇಂಗ್ಲಿಷ್, ಗಣಿತ ಮತ್ತು ಬುದ್ಧಿಪರೀಕ್ಷೆ ಎಂಬ ಮೂರು ಪತ್ರಿಕೆಗಳಿರುತ್ತಿದ್ದುವು. ಮಗು ಪಡೆದ ಅಂಕವನ್ನು ಹಾಗೆಯೇ ಇಟ್ಟುಕೊಳ್ಳದೆ, ಆ ವಯಸ್ಸಿನ ಮಕ್ಕಳ ಸರಾಸರಿ 100 ಆಗುವಂತೆ ಪರಿವರ್ತಿಸುತ್ತಿದ್ದರು. ತಿಂಗಳ ಲೆಕ್ಕದಲ್ಲಿ ಚಿಕ್ಕದಾದ ಮಗುವಿಗೆ ನಷ್ಟವಾಗದಂತೆ ವಯಸ್ಸಿನ ರಿಯಾಯಿತಿಯನ್ನೂ ಇದರಲ್ಲಿಯೇ ಸೇರಿಸುತ್ತಿದ್ದರು. ಮೂರನ್ನೂ ಕೂಡಿಸಿ ಮೇಲಿಂದ ಕೆಳಕ್ಕೆ ಪಟ್ಟಿ ಮಾಡಿ, ಗ್ರಾಮರ್ ಶಾಲೆಯ ಸೀಟುಗಳು ಎಲ್ಲಿ ಮುಗಿಯುತ್ತವೆಯೋ ಅಲ್ಲಿ ಒಂದು ಗೆರೆ ಎಳೆಯುವುದು ಪದ್ಧತಿ. ಗೆರೆಯ ಆಸುಪಾಸಿನ ಮಕ್ಕಳ ವಿಷಯದಲ್ಲಿ ಮುಖ್ಯೋಪಾಧ್ಯಾಯರ ಅಭಿಪ್ರಾಯವನ್ನು ಕೇಳುವ, ಸಂದರ್ಶನ ನಡೆಸುವ ಪರಿಪಾಠವೂ ಕೆಲವು ಕಡೆ ಇತ್ತು.

ಹೊರನೋಟಕ್ಕೆ ಇದು ನಿಷ್ಪಕ್ಷಪಾತವಾದ ಕ್ರಮವೆಂದೇ ತೋರುತ್ತದೆ. ಉತ್ತರಪತ್ರಿಕೆಗೆ ತಂದೆಯ ಉದ್ಯೋಗ ತಿಳಿಯದು. ಆದರೆ ಗೆರೆ ಬೀಳುವ ಜಾಗವನ್ನು ಗಮನಿಸಬೇಕು. ಗ್ರಾಮರ್ ಶಾಲೆಯ ಸೀಟುಗಳು ದೇಶದಲ್ಲಿ ಸರಾಸರಿ ಐವರಲ್ಲಿ ಒಬ್ಬರಿಗೆ ಸಾಲುವಷ್ಟಿದ್ದುವು. ಕೆಲವು ಪಟ್ಟಣಗಳಲ್ಲಿ ಹತ್ತರಲ್ಲಿ ಒಬ್ಬರಿಗಷ್ಟೇ ಇದ್ದರೆ, ವೇಲ್ಸಿನ ಕೆಲವು ಕೌಂಟಿಗಳಲ್ಲಿ ನೂರಕ್ಕೆ 40ಕ್ಕೂ ಮಿಕ್ಕಿ ಇದ್ದುವು. 1889ರಷ್ಟು ಹಿಂದೆಯೇ ವೇಲ್ಸಿಗೆ ಪ್ರತ್ಯೇಕವಾದ ಮಾಧ್ಯಮಿಕ ಶಿಕ್ಷಣ ಕಾಯಿದೆ ಬಂದು, ಕೌಂಟಿ ಶಾಲೆಗಳು ಮೊದಲೇ ಎದ್ದುನಿಂತದ್ದು ಇದಕ್ಕೆ ಕಾರಣ.

ಉಪಾಧ್ಯಾಯ ಬಂಧುಗಳು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಸರಾಸರಿ 100, ಅಂಕಗಳ ಹರವು ಅಂಥ ಪರೀಕ್ಷೆಗಳಲ್ಲಿ ವಾಡಿಕೆಯಾದ 15 ಎಂದಿಟ್ಟುಕೊಂಡರೆ, ನೂರಕ್ಕೆ ಹತ್ತು ಸೀಟುಗಳಿರುವ ಊರಿನಲ್ಲಿ ಗೆರೆಯು ಸುಮಾರು 119ರಲ್ಲಿ ಬೀಳುತ್ತದೆ. ಇಪ್ಪತ್ತು ಸೀಟುಗಳಿದ್ದರೆ ಸುಮಾರು 113ರಲ್ಲಿ. ನಲವತ್ತು ಸೀಟುಗಳಿದ್ದರೆ ಸುಮಾರು 104ರಲ್ಲಿ. 110 ಅಂಕ ಪಡೆದ ಮಗುವು ಮೂರನೆಯ ಊರಿನಲ್ಲಿ ಗ್ರಾಮರ್ ಶಾಲೆಯ ವಿದ್ಯಾರ್ಥಿ, ಮೊದಲಿನ ಎರಡು ಊರುಗಳಲ್ಲಿ 'ಫೇಲಾದವನು'. ಬುದ್ಧಿ ಅದೇ, ಉತ್ತರಪತ್ರಿಕೆ ಅದೇ, ಹಣೆಬರಹ ಬೇರೆ. ಹೀಗೆ ಮಗುವಿನ ಸಾಮರ್ಥ್ಯದ ತೀರ್ಪೆಂದು ಜನ ತಿಳಿದದ್ದು, ಐವತ್ತು ವರ್ಷ ಹಿಂದೆ ಆ ಊರಿನವರು ಎಷ್ಟು ಶಾಲೆ ಕಟ್ಟಿದ್ದರು ಎಂಬುದರ ತೀರ್ಪೂ ಆಗಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿಯೂ ಇದೇ ಆಯಿತು. ಆ ವಯಸ್ಸಿನಲ್ಲಿ ಹುಡುಗಿಯರು ಹುಡುಗರಿಗಿಂತ ಮುಂದಾಗಿ ಬೆಳೆಯುವುದರಿಂದ ಒಟ್ಟಿನಲ್ಲಿ ಅವರ ಅಂಕಗಳು ಹೆಚ್ಚಾಗಿರುತ್ತಿದ್ದುವು. ಅನೇಕ ಮಂಡಲಿಗಳು ಹುಡುಗರಿಗೊಂದು ಹುಡುಗಿಯರಿಗೊಂದು ಎಂದು ಬೇರೆ ಬೇರೆ ಪಟ್ಟಿ ಮಾಡಿ, ಹುಡುಗಿಯರ ಗೆರೆಯನ್ನು ಮೇಲಕ್ಕೆ ಇಟ್ಟವು. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹುಡುಗರಿಗೆ 540 ಗ್ರಾಮರ್ ಶಾಲೆಯ ಸೀಟುಗಳೂ ಹುಡುಗಿಯರಿಗೆ 360 ಸೀಟುಗಳೂ ಇದ್ದುದು ಲಿಂಗಭೇದವೇ ಸರಿಯೆಂದು ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಡಬೇಕಾದರೆ 1989ರವರೆಗೆ ಕಾಯಬೇಕಾಯಿತು.

ಎರಡು ಭಾಷೆಯ ಮಕ್ಕಳು

ಇನ್ನು ಭಾಷೆಯ ಪ್ರಶ್ನೆ. ವೇಲ್ಸಿನ ಹಳ್ಳಿಗಳಲ್ಲಿ ಮನೆಮಾತು ವೆಲ್ಷ್. ಅಧಿಕಾರದ ಭಾಷೆ, ಮೇಲಿನ ಓದಿನ ಭಾಷೆ ಇಂಗ್ಲಿಷ್. 1923ರಲ್ಲಿ ಡಿ. ಜೆ. ಸೇರ್ ಎಂಬ ಸಂಶೋಧಕರು ವೇಲ್ಸಿನ ಮಕ್ಕಳನ್ನು ಬುದ್ಧಿಪರೀಕ್ಷೆಗೆ ಒಳಪಡಿಸಿ, ಗ್ರಾಮೀಣ ಭಾಗದ ದ್ವಿಭಾಷಿಕ ಮಕ್ಕಳು ಒಂದೇ ಭಾಷೆ ಬಲ್ಲ ಮಕ್ಕಳಿಗಿಂತ ಹಿಂದುಳಿದಿದ್ದಾರೆಂದು ಪ್ರಕಟಿಸಿದರು. ಎರಡು ಭಾಷೆಗಳ ಭಾರದಿಂದ ಮಗುವಿನ ಮನಸ್ಸು ಗೊಂದಲಗೊಳ್ಳುತ್ತದೆಂಬ ನಂಬಿಕೆಗೆ ಇದು ಬಹುಕಾಲ ಆಧಾರವಾಗಿ ನಿಂತಿತು. ಆದರೆ ಅದೇ ಅಧ್ಯಯನದಲ್ಲಿ ಪಟ್ಟಣದ ದ್ವಿಭಾಷಿಕ ಮಕ್ಕಳಲ್ಲಿ ಅಂಥ ವ್ಯತ್ಯಾಸ ಕಂಡಿರಲಿಲ್ಲ. ಭಾಷೆಯೇ ಕಾರಣವಾಗಿದ್ದರೆ ಪಟ್ಟಣದಲ್ಲಿಯೂ ಅದು ಕಾಣಬೇಕಾಗಿತ್ತಷ್ಟೆ. ಬ್ಯಾಂಗರಿನ ಡಬ್ಲ್ಯು. ಆರ್. ಜೋನ್ಸ್ ಅವರು 1950ರ ದಶಕದ ಕೊನೆಗೆ ಮನೆಯ ಸ್ಥಿತಿಗತಿ, ತಂದೆಯ ಉದ್ಯೋಗಗಳನ್ನು ಸರಿದೂಗಿಸಿ ನೋಡಿದಾಗ ಆ ಅಂತರ ಹೆಚ್ಚುಕಡಿಮೆ ಮಾಯವಾಯಿತು. 1962ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದ ಪೀಲ್ ಮತ್ತು ಲ್ಯಾಂಬರ್ಟ್ ಅವರಿಗೆ, ಎರಡು ಭಾಷೆಗಳನ್ನು ಚೆನ್ನಾಗಿ ಬಲ್ಲವರೇ ಮುಂದಿರುವುದು ಕಂಡುಬಂತು. ನಲವತ್ತು ವರ್ಷಗಳ ಕಾಲ ಮಗುವಿನ ಮನೆಮಾತಿನ ಮೇಲೆ ಹೊರಿಸಿದ ಅಪವಾದವು ಬಹುಮಟ್ಟಿಗೆ ಹಳ್ಳಿಯ ಬಡತನಕ್ಕೂ, ಪರೀಕ್ಷೆಯ ಭಾಷೆಗೂ ಸೇರಿದ್ದಾಗಿತ್ತು.

ನಂಬಿಕೆ ಸಡಿಲವಾದ ಕಾಲ

1950ರ ದಶಕದಲ್ಲಿ ಪರೀಕ್ಷೆಯ ಬುಡವನ್ನೇ ಅಲುಗಿಸುವ ಸಂಗತಿಗಳು ಒಂದೊಂದಾಗಿ ಹೊರಬಿದ್ದುವು. ಬುದ್ಧಿಪರೀಕ್ಷೆಗೆ ತಯಾರಿ ಮಾಡಿಸಲಾಗದು, ಅದು ಹುಟ್ಟಿನಿಂದ ಬಂದುದನ್ನೇ ಅಳೆಯುತ್ತದೆ ಎಂಬ ಮಾತನ್ನು, ಅಭ್ಯಾಸದಿಂದಲೂ ಖಾಸಗಿ ಪಾಠದಿಂದಲೂ ಅಂಕ ಏರುತ್ತದೆಂದು ತೋರಿಸಿ ಫಿಲಿಪ್ ವರ್ನನ್ನರು ಅಲ್ಲಗಳೆದರು. 1957ರಲ್ಲಿ ಯೇಟ್ಸ್ ಮತ್ತು ಪಿಜನ್ ಎಂಬವರು ರಾಷ್ಟ್ರೀಯ ಶಿಕ್ಷಣ ಸಂಶೋಧನ ಪ್ರತಿಷ್ಠಾನದ ಪರವಾಗಿ ನಡೆಸಿದ ಅಧ್ಯಯನದಲ್ಲಿ, ಎಷ್ಟೇ ಎಚ್ಚರದಿಂದ ಆರಿಸಿದರೂ ನೂರಕ್ಕೆ ಸುಮಾರು ಹತ್ತು ಮಕ್ಕಳು ತಪ್ಪು ಶಾಲೆಗೆ ಹೋಗುವುದು ಅನಿವಾರ್ಯವೆಂದು ಕಂಡುಬಂತು. ಇತ್ತ 1951ರಲ್ಲಿ ಆರಂಭವಾಗಿದ್ದ ಜಿ.ಸಿ.ಇ. ಪರೀಕ್ಷೆಗೆ ಸೆಕೆಂಡರಿ ಮಾಡರ್ನ್ ಶಾಲೆಗಳ ಕೆಲವು ಧೀರ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು ಕೂರಿಸಿದರು. ಹನ್ನೊಂದರಲ್ಲಿ ನಪಾಸಾದವರು ಹದಿನಾರರಲ್ಲಿ ಪಾಸಾದರು. ಯಾವ ಸಂಶೋಧನ ಗ್ರಂಥಕ್ಕಿಂತಲೂ ಹೆಚ್ಚಿನ ಸಾಕ್ಷ್ಯ ಇದೇ ಆಗಿತ್ತು.

ವೇಲ್ಸಿನ ದ್ವೀಪ ಕೌಂಟಿಯಾದ ಆಂಗಲ್‌ಸೀ 1953ರಲ್ಲಿಯೇ ಆಯ್ಕೆಯನ್ನು ಬಿಟ್ಟು, ಎಲ್ಲ ಮಕ್ಕಳಿಗೂ ಒಂದೇ ಬಗೆಯ ಪ್ರೌಢಶಾಲೆಯೆಂಬ ಕ್ರಮಕ್ಕೆ ಬಂತು. 1965ರ ಜುಲೈಯಲ್ಲಿ ಶಿಕ್ಷಣ ಮಂತ್ರಿ ಆಂಟನಿ ಕ್ರಾಸ್‌ಲ್ಯಾಂಡರು ಹೊರಡಿಸಿದ ಸುತ್ತೋಲೆಯು ದೇಶದ ಎಲ್ಲ ಮಂಡಲಿಗಳೂ ಇದೇ ದಾರಿ ಹಿಡಿಯುವಂತೆ ಕೇಳಿಕೊಂಡಿತು. ಬುದ್ಧಿಯು ಹೆಚ್ಚಾಗಿ ಹುಟ್ಟುಗುಣವೆಂದು ಸಾರಿದ್ದ ಸಿರಿಲ್ ಬರ್ಟ್ ಅವರು 1971ರಲ್ಲಿ ತೀರಿಕೊಂಡ ಮೇಲೆ, ಅವರ ಅವಳಿಮಕ್ಕಳ ಅಂಕಿ ಅಂಶಗಳು ನಂಬಲರ್ಹವಲ್ಲವೆಂಬ ವಿವಾದ 1970ರ ದಶಕದಲ್ಲಿ ಭುಗಿಲೆದ್ದಿತು. ಆದರೂ ಪರೀಕ್ಷೆ ಪೂರ್ತಿ ಅಳಿಯಲಿಲ್ಲ. ವೇಲ್ಸಿನಲ್ಲಿ ಗ್ರಾಮರ್ ಶಾಲೆಗಳು ಇಲ್ಲವಾದರೂ ಇಂಗ್ಲೆಂಡಿನಲ್ಲಿ ಇಂದಿಗೂ 163 ಉಳಿದಿವೆ; ಕೆಂಟ್, ಬಕಿಂಗ್‌ಹ್ಯಾಮ್‌ಶೈರ್ ಮೊದಲಾದ ಕಡೆ ಪರೀಕ್ಷೆ ನಡೆಯುತ್ತದೆ. ಉತ್ತರ ಐರ್ಲೆಂಡಿನಲ್ಲಿ ಸರಕಾರಿ ಪರೀಕ್ಷೆಯನ್ನು 2008ರಲ್ಲಿ ನಿಲ್ಲಿಸಿದರೆ, ಶಾಲೆಗಳೇ ತಮ್ಮ ತಮ್ಮ ಪರೀಕ್ಷೆಗಳನ್ನು ಆರಂಭಿಸಿಕೊಂಡುವು. ಸೀಟು ಕಡಿಮೆಯಿದ್ದು ಬೇಡಿಕೆ ಹೆಚ್ಚಿರುವಲ್ಲಿ ಜರಡಿಯನ್ನು ಎಸೆದರೂ ಅದು ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆಂಬುದಕ್ಕೆ ಇದು ನಿದರ್ಶನ.

ನಮ್ಮ ಗಡಿನಾಡಿನಲ್ಲಿ

ಇನ್ನು ನಮ್ಮ ಕಡೆಗೆ ದೃಷ್ಟಿ ಹಾಯಿಸೋಣ. ಭಾರತದಲ್ಲಿ ಇಲೆವನ್ ಪ್ಲಸ್‌ಗೆ ಅತ್ಯಂತ ಹತ್ತಿರವಾದುದು ಜವಾಹರ ನವೋದಯ ವಿದ್ಯಾಲಯಗಳ ಪ್ರವೇಶ ಪರೀಕ್ಷೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯೊಡನೆ ನೆಲೆಗೊಂಡ ಈ ವಸತಿ ಶಾಲೆಗಳಿಗೆ ಐದನೆಯ ತರಗತಿಯ ಮಕ್ಕಳು ಪರೀಕ್ಷೆ ಬರೆದು ಆರನೆಯ ತರಗತಿಗೆ ಸೇರುತ್ತಾರೆ. ಇಲ್ಲಿಯೂ ಬುದ್ಧಿಪರೀಕ್ಷೆ, ಅಂಕಗಣಿತ, ಭಾಷೆ ಎಂಬ ಮೂರು ಭಾಗಗಳೇ. ಒಂದು ಮಗುವಿಗೆ ಒಂದೇ ಸಲ ಅವಕಾಶ. ಕನಿಷ್ಠ ಮುಕ್ಕಾಲು ಪಾಲು ಸೀಟುಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಹೆಣ್ಣುಮಕ್ಕಳಿಗೆ ಮೂರರಲ್ಲೊಂದು ಪಾಲು. ನಾರ್ತಂಬರ್ಲ್ಯಾಂಡಿನ ಹಳ್ಳಿಶಾಲೆಗಳಿಗಾಗಿ ಥಾಮ್ಸನ್ನರು ಬಯಸಿದುದು ಇಂಥದನ್ನೇ ಎಂದು ಹೇಳಬಹುದು. ಪರೀಕ್ಷೆ ಬರೆಯಬಹುದಾದ ಭಾಷೆಗಳಲ್ಲಿ ಕನ್ನಡವೂ ಒಂದು. ಯಾವ ರಾಜ್ಯದಲ್ಲಿ ಯಾವ ಭಾಷೆಗಳಿಗೆ ಅವಕಾಶವಿದೆಯೆಂಬ ಪಟ್ಟಿಯನ್ನು ಪ್ರಕಟಿಸುತ್ತಾರೆ.

ಆದರೆ ಇಲ್ಲಿಯೂ ಗೆರೆ ಎಲ್ಲಿ ಬೀಳುತ್ತದೆಂಬುದು ಊರನ್ನು ಅವಲಂಬಿಸಿದೆ. ಆಯ್ಕೆ ಜಿಲ್ಲಾವಾರು; ಮಗು ಓದಿದ ಜಿಲ್ಲೆಯ ಶಾಲೆಗೇ ಅರ್ಜಿ. ಕಾಸರಗೋಡು, ವಯನಾಡು, ಸೊಲ್ಲಾಪುರ ಜಿಲ್ಲೆಗಳ ಮಕ್ಕಳಿಗೆ ಈ ಬಾಗಿಲು ಇದೆ. ತಮಿಳುನಾಡು ರಾಜ್ಯವು ತನ್ನ ಭಾಷಾನೀತಿಯ ಕಾರಣದಿಂದ ದಶಕಗಳ ಕಾಲ ಈ ಯೋಜನೆಯನ್ನು ಒಪ್ಪದೆ ಉಳಿದುದರಿಂದ, ತಾಳವಾಡಿ, ಹೊಸೂರು, ನೀಲಗಿರಿಗಳಲ್ಲಿ ಬೆಳೆದ ಕನ್ನಡ ಮಕ್ಕಳ ತಲೆಮಾರುಗಳಿಗೆ ಅಂಥ ಬಾಗಿಲೇ ಇರಲಿಲ್ಲ. ಆ ನೀತಿಯ ಒಳಿತು ಕೆಡುಕುಗಳ ಚರ್ಚೆ ಬೇರೆ. ಎಲ್ಲೆಯ ಈಚೆಗೆ ಹುಟ್ಟಿದ ಮಗುವಿಗೂ ಆಚೆಗೆ ಹುಟ್ಟಿದ ಮಗುವಿಗೂ ಒಂದೇ ಅಂಕದ ಅರ್ಥ ಬೇರೆಯಾಗುತ್ತದೆಂಬುದಷ್ಟೇ ಇಲ್ಲಿ ಗಮನಿಸತಕ್ಕದ್ದು.

ಗಡಿನಾಡಿನ ಮಗುವಿಗೆ ಪ್ರಾಥಮಿಕ ಹಂತದ ಕೊನೆಯು ಇನ್ನೊಂದು ಕಾರಣದಿಂದಲೂ ನಿರ್ಣಾಯಕ. 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಪಾಠ ಹೇಳುವ ಉಪಾಧ್ಯಾಯರನ್ನು ಕೊಡಬೇಕೆಂದು ಒಪ್ಪಿತ್ತು. ಭಾಷಾವಾರು ವಿಂಗಡಣೆ ನಡೆದ 1956ರಲ್ಲಿಯೇ ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಅದು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಮುಂದಿನ ಹಂತಕ್ಕೆ ಕಾಸರಗೋಡಿನಲ್ಲಿಯೂ ಜತ್ತ, ಅಕ್ಕಲಕೋಟೆಗಳಲ್ಲಿಯೂ ಕನ್ನಡ ಪ್ರೌಢಶಾಲೆಗಳಿರುವುದು ನಮ್ಮ ಭಾಗ್ಯ. ಆದರೆ ಪ್ರತಿಯೊಂದು ಕನ್ನಡ ಪ್ರಾಥಮಿಕ ಶಾಲೆಯ ಮುಂದೆಯೂ ಮಗು ನಡೆದುಹೋಗುವ ದೂರದಲ್ಲಿ ಅಂಥದೊಂದು ಇಲ್ಲ. ಹೀಗಾಗಿ ಬೇರೆಯವರಿಗೆ ಶಾಲೆ ಬದಲಾಗುವ ಹೊತ್ತಿಗೆ ನಮ್ಮ ಮಗುವಿಗೆ ಶಾಲೆಯೊಡನೆ ಭಾಷೆಯೂ ಬದಲಾಗಬಹುದು. ಹೊಸ ಭಾಷೆಯ ತರಗತಿಯಲ್ಲಿ ಮೊದಲ ವರ್ಷ ಅದು ತರುವ ಕಡಿಮೆ ಅಂಕವನ್ನು ಬುದ್ಧಿಯ ಕೊರತೆಯೆಂದು ಓದಿದರೆ, ಸೇರ್ ಅವರ ಅಧ್ಯಯನವನ್ನು ಓದಿದವರು ಮಾಡಿದ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ.

2019ರಲ್ಲಿ ಶಿಕ್ಷಣ ಹಕ್ಕು ಕಾಯಿದೆಗೆ ಬಂದ ತಿದ್ದುಪಡಿಯ ಮೇರೆಗೆ ಐದು ಮತ್ತು ಎಂಟನೆಯ ತರಗತಿಗಳ ಕೊನೆಗೆ ಕ್ರಮಬದ್ಧ ಪರೀಕ್ಷೆ ನಡೆಸಲೂ, ತೇರ್ಗಡೆಯಾಗದ ಮಗುವಿಗೆ ಹೆಚ್ಚಿನ ಪಾಠ ಹೇಳಿ ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಡಲೂ ಅವಕಾಶವಾಗಿದೆ. ಆಗಲೂ ತೇರ್ಗಡೆಯಾಗದವರನ್ನು ಅದೇ ತರಗತಿಯಲ್ಲಿ ನಿಲ್ಲಿಸುವುದೂ ಬಿಡುವುದೂ ರಾಜ್ಯಗಳ ಇಚ್ಛೆ. ಈ ಪರೀಕ್ಷೆ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ಹಂಚುವುದಿಲ್ಲ, ನಿಜ. ಆದರೂ ಪ್ರಾಥಮಿಕ ಹಂತದ ಅಂಕಗಳಿಗೆ ಮತ್ತೆ ಭಾರ ಬರುತ್ತಿರುವ ಕಾಲದಲ್ಲಿ ಇಲೆವನ್ ಪ್ಲಸ್‌ನ ಇತಿಹಾಸವನ್ನು ಮರೆಯಬಾರದು.

ಆದುದರಿಂದ, ಒಂದು ಅಂಕವು ಮಗುವನ್ನು ಎಲ್ಲಿಗಾದರೂ ಕಳುಹಿಸುವಾಗ ಉಪಾಧ್ಯಾಯನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ಒಳಗೆ ಎಷ್ಟು ಸೀಟುಗಳಿವೆ? ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿದೆ? ಪರೀಕ್ಷೆಗೆ ಬಾರದೆ ಉಳಿದ ಮಕ್ಕಳು ಯಾರು? ಮೊದಲನೆಯದು ಸರಕಾರದ ಕೈಯಲ್ಲಿದೆ. ಅದಕ್ಕಾಗಿ ಸಂಘಗಳು ಮನವಿ ಮಾಡುತ್ತಲೇ ಇರಬೇಕು. ಎರಡನೆಯದು ಬಹುಮಟ್ಟಿಗೆ ಅರ್ಜಿಯ ಒಂದು ಕಾಲಮ್ಮಿನಲ್ಲಿದೆ. ಅದನ್ನು ಸರಿಯಾಗಿ ತುಂಬಿಸುವುದು ಮುಖ್ಯೋಪಾಧ್ಯಾಯರ ಕೆಲಸ. ಮೂರನೆಯದಂತೂ ಸಂಪೂರ್ಣವಾಗಿ ನಮ್ಮದೇ. ನೂರು ವರ್ಷದ ಹಿಂದೆ ನಾರ್ತಂಬರ್ಲ್ಯಾಂಡಿನ ಎಷ್ಟೋ ಹಳ್ಳಿಶಾಲೆಗಳಿಂದ ಯಾರೂ ಪರೀಕ್ಷೆಗೆ ಬಾರದಿದ್ದಾಗ, ಅಲ್ಲಿ ಜಾಣರಿಲ್ಲವೆಂದು ಸುಮ್ಮನಾಗದೆ ಹುಡುಕಲು ಹೊರಟವರಿದ್ದರು. ಗಡಿಯ ಏಕೋಪಾಧ್ಯಾಯ ಶಾಲೆಗಳಿಂದ ಈ ವರ್ಷ ಎಷ್ಟು ಹೆಸರುಗಳು ಹೋದುವು ಎಂಬ ಲೆಕ್ಕವನ್ನು ಪ್ರತಿಯೊಂದು ತಾಲೂಕಿನ ಬಂಧುಗಳು ಬರೆದಿಟ್ಟರೆ, ಮುಂದಿನ ಸಂಚಿಕೆಗಳಿಗೆ ಅದಕ್ಕಿಂತ ಬೆಲೆಯುಳ್ಳ ಸಂಶೋಧನ ಲೇಖನ ಬೇರೊಂದು ಬೇಕಾಗಲಾರದು.